ಮಾತು ತಡವಾದ ಮಗು

ಧಾರವಾಡದ ಕೆಲಗೇರಿಯವರು ಆಟೋ ಹತ್ತಿದರೆ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಸಿಗುತ್ತದೆ. ಕಲಘಟಗಿ ಕಡೆಯ ಹಳ್ಳಿಯ ತಾಯಿಗೆ ಅಲ್ಲಿಗೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ.

ಕರೆದರೆ ಮಗು ತಿರುಗುವುದಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ, ಮಾತೂ ಬಂದಿಲ್ಲ ಎಂದರೆ ಮನೆಯ ಹಿರಿಯರು, "ಅವರಪ್ಪನೂ ತಡಾ ಮಾಡೇ ಮಾತಾಡಿದ್ದ, ಬಿಡವಾ" ಎನ್ನುತ್ತಾರೆ. ಈ ಸಮಾಧಾನದಲ್ಲೇ ಕಲಿಯುವ ವಯಸ್ಸು ಜಾರಿಬಿಡುತ್ತದೆ. ಇವು ಆಟಿಸಂನ ಲಕ್ಷಣಗಳಿರಬಹುದು. ಅದು ತಾಯಿಯ ತಪ್ಪಿನಿಂದ ಬರುವುದಲ್ಲ, ದೃಷ್ಟಿ ತೆಗೆದರೆ ಹೋಗುವುದೂ ಅಲ್ಲ. ಬೇಗ ಗುರುತಿಸಿ ತರಬೇತಿ ಕೊಡಬೇಕು, ಅಷ್ಟೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು 21 ವೈಕಲ್ಯಗಳಲ್ಲಿ ಸೇರಿಸಿದೆ. ಇಂಥವರಿಗಾಗಿ ಇರುವ ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ಹಕ್ಕು ಹಳ್ಳಿಗೆ ಬಂದರೂ ಥೆರಪಿ ಪೇಟೆಯಲ್ಲೇ ಉಳಿದಿದೆ!

ಅನುಮಾನ ಬಂದರೆ ಅಂಗನವಾಡಿ ಕಾರ್ಯಕರ್ತೆಗೆ ಹೇಳಿ; ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ನೆರೆಯವರಾಗಿದ್ದರೆ, ಆ ತಾಯಿ ಆಸ್ಪತ್ರೆಗೆ ಹೋದ ದಿನ ಉಳಿದ ಮಕ್ಕಳನ್ನು ನೋಡಿಕೊಳ್ಳಿ.