ಕೊಂಬೆಗೆ ಕೊಂಬೆ

ಊರೊಳಗೆ ಕಾಡುಪ್ರಾಣಿ ಅಂದರೆ ನಮಗೆ ಮೊದಲು ನೆನಪಾಗುವುದು ಚಿರತೆ. ಸಿಸಿಟಿವಿ ದೃಶ್ಯ, ಬೋನು, ಬಲೆ, ಮಹಡಿ ಮೇಲೆ ಮೊಬೈಲ್ ಹಿಡಿದು ನಿಂತ ಜನ. ಇವತ್ತು ನಾನು ಹೇಳಹೊರಟದ್ದು ಎಲ್ಲಿಂದಲೋ ಬಂದ ಪ್ರಾಣಿಯ ಕಥೆಯಲ್ಲ. ಮೊದಲಿಂದಲೂ ಇಲ್ಲೇ ಇದ್ದು, ನಮ್ಮ ಕಣ್ಣಿಗೆ ಬೀಳದ ಕಾಡುಪಾಪದ್ದು.

ಬೆಂಗಳೂರಿನ ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಇದೆಯಲ್ಲ, ಅಲ್ಲಿನ ಮರಗಳಲ್ಲಿ ಕಾಡುಪಾಪಗಳಿವೆ. ಗೇಟಿನಾಚೆ ಬಸ್ಸು, ಲಾರಿಗಳ ಗದ್ದಲ. ಈಚೆ, ಕತ್ತಲಲ್ಲಿ, ಕಡ್ಡಿಯಂಥ ಕೈಕಾಲಿನ, ಬಾಲವಿಲ್ಲದ, ಮುಖದ ತುಂಬ ಕಣ್ಣೇ ಆಗಿರುವ ಜೀವ ಹುಳುಹುಪ್ಪಟೆ ಹುಡುಕುತ್ತಿರುತ್ತದೆ. ತೂಕ ಹೆಚ್ಚೆಂದರೆ 300 ಗ್ರಾಂ ಆಸುಪಾಸು. ಮಂಗನಿಗೆ ದೂರದ ನೆಂಟ. ಆದರೆ ಮಂಗನ ಒಂದು ವಿದ್ಯೆ ಮಾತ್ರ ಇದಕ್ಕೆ ಒಲಿದಿಲ್ಲ: ನೆಗೆಯಲು ಬರುವುದಿಲ್ಲ.

ಒಂದು ಕೊಂಬೆ ಬಿಡುವ ಮುಂಚೆ ಇನ್ನೊಂದು ಕೈಗೆ ಸಿಕ್ಕಿರಬೇಕು. ಕೊಂಬೆಗೆ ಕೊಂಬೆ ತಾಗಿದ್ದರೆ ಅದೇ ದಾರಿ. ಕರೆಂಟು ತಂತಿಗೆ ತಾಗುತ್ತದೆಂದೋ, ಕಾರಿನ ಮೇಲೆ ಎಲೆ ಉದುರುತ್ತದೆಂದೋ (ಇದು ನಮ್ಮ ಬೀದಿಯ ದೂರು) ನಾವು ಒಂದು ಟೊಂಗೆ ಕಡಿಸಿದರೆ, ಅದಕ್ಕೆ ದಾರಿಯೇ ಕಡಿದ ಹಾಗೆ. ಆಮೇಲೆ ನೆಲಕ್ಕಿಳಿಯಬೇಕು, ಅಲ್ಲಿ ಬೀದಿನಾಯಿ, ವಾಹನ. ಇಲ್ಲವೇ ತಂತಿ ಹಿಡಿದು ದಾಟಬೇಕು. ಕೇಬಲ್ ಟಿವಿಯ ತಂತಿಯಾದರೆ ಬಚಾವು.

ಮಾಟಕ್ಕೆ, ಮದ್ದಿಗೆ ಎಂದು ಇದನ್ನು ಹಿಡಿದು ಹಿಂಸಿಸುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ಹುಲಿ, ಆನೆಗಳ ಸಾಲಿನಲ್ಲೇ ಕೂರಿಸಿದೆ. ತಮಿಳುನಾಡು 2022ರಲ್ಲಿ ಕರೂರು, ದಿಂಡಿಗಲ್ ಜಿಲ್ಲೆಗಳಲ್ಲಿ ಇದಕ್ಕೆಂದೇ ಅಭಯಾರಣ್ಯ ಘೋಷಿಸಿತು. ಸಂತೋಷ. ನಮ್ಮೂರಿನ ಕಾಡುಪಾಪ ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ. ಅಕ್ಕಪಕ್ಕದ ಎರಡು ಕಾಂಪೌಂಡುಗಳ ಮರಗಳು ಮೇಲೆ ಒಂದನ್ನೊಂದು ಮುಟ್ಟುವ ಹಾಗೆ ಬಿಟ್ಟರೆ ಅದರ ಎಷ್ಟೋ ಕಷ್ಟ ನೀಗುತ್ತದೆ.

ತಾಯಿ ಕಾಡುಪಾಪ ಮರಿಯನ್ನು ಒಂದು ಕೊಂಬೆಯ ಮೇಲೆ ಬಿಟ್ಟು ಮೇವಿಗೆ ಹೋಗುತ್ತದಂತೆ. ಮರಿ ಕೊಂಬೆಯನ್ನು ಬಿಗಿಯಾಗಿ ಹಿಡಿದು ಕಾಯುತ್ತಿರುತ್ತದೆ. ತಾಯಿ ಬೆಳಕು ಹರಿಯುವುದರೊಳಗೆ ಹೋದ ದಾರಿಯಲ್ಲೇ ಮರಳಬೇಕು. ಬೆಳಿಗ್ಗೆ ನಿಮ್ಮ ಮನೆಯಲ್ಲಿ ಕಾಫಿ ಸೋಸುವ ಹೊತ್ತಿಗೆ, ಆ ದಾರಿ ಹಾಗೇ ಉಳಿದಿದ್ದರೆ, ಎರಡೂ ಎಲೆಗಳ ಮರೆಯಲ್ಲಿ ಮುದುಡಿ ನಿದ್ದೆಗೆ ಜಾರಿರುತ್ತವೆ.