ಹೆಣ್ಣುಮಗುವಿನ ಮೇಲೆ ನಾವು ಹೊರಿಸುವ ನಿರೀಕ್ಷೆ
(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಹೆಣ್ಣುಮಕ್ಕಳು ಬೆಳೆಯುವ ರೀತಿಯನ್ನು ಸಮಾಜದ ನಿರೀಕ್ಷೆಗಳು ಹೇಗೆ ತಿದ್ದುತ್ತವೆ ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ವಿಷಯ ದೊಡ್ಡದು. ಆದರೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಾವು ಕುಳಿತಿರುವ ಈ ಪ್ಯಾರೀಸ್ ಕಾರ್ನರಿನ ಸುತ್ತುಮುತ್ತಲ ಬೀದಿಗಳೇ ನಮಗೆ ಬೇಕಾದಷ್ಟು ಪಾಠ ಹೇಳುತ್ತವೆ.

ಮೊದಲನೆಯ ಪಾಠ ಹೋಟಲಿನ ಅಡಿಗೆಮನೆಯದು. ದಕ್ಷಿಣ ಕನ್ನಡದಿಂದ ನಮ್ಮವರು ಈ ಊರಿಗೆ ಬಂದು ಹೋಟಲು ನಡೆಸಿ ಹೆಸರು ಗಳಿಸಿದ ಕಥೆ ನಿಮಗೆಲ್ಲ ತಿಳಿದದ್ದೇ. ಕಡಂದಲೆಯ ಕೃಷ್ಣರಾಯರು ಅಡಿಗೆಮನೆಯ ಚಾಕರಿಯಿಂದ ಆರಂಭಿಸಿ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟಲನ್ನು ತೆರೆದರು. ಆ ಹೋಟಲುಗಳಲ್ಲಿ ಹಿಟ್ಟು ರುಬ್ಬಿದವರು ಯಾರು? ಸಾರಿಗೆ ಒಗ್ಗರಣೆ ಹಾಕಿದವರು ಯಾರು? ಕಾವಲಿಯ ಮುಂದೆ ನಿಂತು ದೋಸೆ ಹುಯ್ದವರು ಯಾರು? ಭಟ್ಟರು, ಮಾಣಿಗಳು, ಎಲ್ಲರೂ ಗಂಡಸರೇ. ಮುನ್ನೂರು ಜನರ ಊಟವನ್ನು ಒಂದು ಹರಳು ಉಪ್ಪೂ ಹೆಚ್ಚುಕಡಿಮೆಯಾಗದಂತೆ ಇಳಿಸುತ್ತಿದ್ದ ಅದೇ ಭಟ್ಟರು ಮನೆಗೆ ಬಂದರೆ ಕುಡಿಯುವ ನೀರನ್ನೂ ಮಗಳೇ ತಂದುಕೊಡಬೇಕು. ಯಾಕೆಂದು ಕೇಳಿದರೆ, "ಅಡಿಗೆಮನೆ ಹೆಂಗಸರದ್ದಲ್ಲವೆ?" ಎಂಬ ಉತ್ತರ.

ಇದನ್ನು ಸ್ವಲ್ಪ ಯೋಚಿಸಿ ನೋಡಬೇಕು. ಅಡಿಗೆಯೆಂಬುದು ಹೆಣ್ಣಿನ ಹುಟ್ಟುಗುಣವಾಗಿದ್ದರೆ ಈ ಹೋಟಲುಗಳೆಲ್ಲ ಒಂದೇ ದಿನದಲ್ಲಿ ಮುಚ್ಚಬೇಕಾಗಿತ್ತು. ಸಂಬಳ ಬರುವ ಕಡೆ ಅಡಿಗೆ ಗಂಡಸಿನ ವಿದ್ಯೆ. ಸಂಬಳವಿಲ್ಲದ ಕಡೆ ಅದೇ ಅಡಿಗೆ ಹೆಣ್ಣಿನ ಧರ್ಮ. ಈ ಭೇದವನ್ನು ಮಾಡಿದ್ದು ಪ್ರಕೃತಿಯಲ್ಲ, ನಾವು. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕಳೆಯುತ್ತಾರೆ. ಆ ಕೆಲಸ ಮಾಡುವ ಗಂಡಸರು ಕಳೆಯುವುದು 88 ನಿಮಿಷ. ಎರಡರ ನಡುವೆ ಮೂರು ಗಂಟೆಗೂ ಮಿಕ್ಕಿದ ಅಂತರವಿದೆ. ಒಂದು ಪರೀಕ್ಷೆಗೆ ಓದಲು, ಒಂದು ಭಾಷೆ ಕಲಿಯಲು ಸಾಕಾಗುವಷ್ಟು ಹೊತ್ತು ಅದು.

ಎರಡನೆಯ ಪಾಠ ಎದುರಿಗಿರುವ ಕೆಂಪು ಕಟ್ಟಡದ್ದು. 1892ರಲ್ಲಿ ಕಟ್ಟಿ ಮುಗಿಸಿದ ಈ ಹೈಕೋರ್ಟಿನಲ್ಲಿ ಬಹುಕಾಲ ಹೆಂಗಸರು ಕಕ್ಷಿಗಳಾಗಿ ಬರಬಹುದಿತ್ತು, ಸಾಕ್ಷಿ ಹೇಳಬಹುದಿತ್ತು, ಶಿಕ್ಷೆಗೂ ಗುರಿಯಾಗಬಹುದಿತ್ತು, ವಕೀಲರಾಗಿ ನಿಲ್ಲುವಂತಿರಲಿಲ್ಲ. ಕಾನೂನಿನಲ್ಲಿ "ವ್ಯಕ್ತಿ" ಎಂದು ಬರೆದಿದೆಯಲ್ಲ, ಹೆಂಗಸು ವ್ಯಕ್ತಿಯಲ್ಲವೆ ಎಂದು ರೆಜಿನಾ ಗುಹಾ ಎಂಬಾಕೆ ಕಲ್ಕತ್ತದಲ್ಲಿ ಕೇಳಿದರು. ವಕೀಲಿಯ ಮಟ್ಟಿಗೆ ಆ ಮಾತು ಹೆಂಗಸರಿಗೆ ಸಲ್ಲದೆಂದು 1916ರಲ್ಲಿ ಅಲ್ಲಿನ ಹೈಕೋರ್ಟು ತೀರ್ಪಿತ್ತಿತು. 1923ರಲ್ಲಿ ಹೊಸ ಶಾಸನ ಬಂದು ಆ ಅಡ್ಡಿ ನಿವಾರಣೆಯಾಯಿತು. 1928ರಲ್ಲಿ ಮದರಾಸು ಕಾನೂನು ಕಾಲೇಜಿನಿಂದ ಪದವಿ ಪಡೆದ ಮೊದಲ ಮಹಿಳೆ ಆನಂದಬಾಯಿಯವರು. ಅವರು ನಮ್ಮ ದಕ್ಷಿಣ ಕನ್ನಡದವರು ಎಂಬುದು ನಮಗೆ ಹೆಮ್ಮೆಯ ವಿಷಯ. ಮರುವರ್ಷ ಅವರು ಇದೇ ಹೈಕೋರ್ಟಿನಲ್ಲಿ ವಕೀಲರಾಗಿ ನೋಂದಾಯಿಸಿಕೊಂಡರು. ಈ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರ ಪೀಠದಲ್ಲಿ ಮೊದಲ ಬಾರಿಗೆ ಒಬ್ಬ ಮಹಿಳೆ, ಕಾಂತಾ ಕುಮಾರಿ ಭಟ್ನಾಗರ್ ಅವರು, ಕುಳಿತದ್ದು 1992ರಲ್ಲಿ. ಕರಿಕೋಟು ತೊಟ್ಟ ಹೆಣ್ಣುಮಕ್ಕಳು ಈಗ ನಮ್ಮ ಎದುರಿನ ರಸ್ತೆಯನ್ನು ದಾಟುವಾಗ ಯಾರೂ ತಿರುಗಿ ನೋಡುವುದಿಲ್ಲ. "ಅಸಾಧ್ಯ" ಎಂದದ್ದು ಹೀಗೆ ದಿನನಿತ್ಯದ ನೋಟವಾಗಿದೆ.

ಶಾಸನ ಬದಲಾದರೆ ಸಾಕೆ? ಸಾಲದು. ಶಾಸನ ಕೋರ್ಟಿನ ಬಾಗಿಲನ್ನು ತೆಗೆಯಬಲ್ಲುದು. ಮಗಳನ್ನು ಅಲ್ಲಿಯವರೆಗೆ ಕಳುಹಿಸಬೇಕಾದದ್ದು ಮನೆ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಬಾಲ್ಯದಲ್ಲೇ ಮದುವೆಯಾಗಿ ವೈಧವ್ಯವೂ ಬಂದೊದಗಿತು. ಅಂದಿನ ಲೋಕರೂಢಿಯಂತೆ ಅಲ್ಲಿಗೆ ಅವರ ಬಾಳು ಮುಗಿಯಬೇಕಾಗಿತ್ತು. ಅವರ ತಾಯಿ ಗಿರಿಜಾಬಾಯಿಯವರು ಮಗಳ ಓದನ್ನು ನಿಲ್ಲಿಸಲಿಲ್ಲ. ಮಗಳು ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಬಂದರು. 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪ ಮತಗಳಿಂದ ಸೋತರು. ಆ ಸೋಲಿನಿಂದ ಅವರ ಕಾರ್ಯ ನಿಲ್ಲಲಿಲ್ಲ ಎಂಬುದನ್ನು ದೇಶವೇ ಬಲ್ಲದು. ಊರು ಏನೆನ್ನುವುದೋ ಎಂದು ಆ ತಾಯಿ ಅಂಜಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ.

ಈಗ ನಮ್ಮ ಮನೆಗಳಿಗೆ ಬರೋಣ. ಹೆಣ್ಣುಮಗುವನ್ನು ಇಂದು ಯಾರೂ ಕಟ್ಟಿಹಾಕುವುದಿಲ್ಲ, ಎಲ್ಲರೂ ಶಾಲೆಗೆ ಕಳುಹಿಸುತ್ತಾರೆ. ಇನ್ನೇನು ಕೊರತೆ ಎಂದು ಕೆಲವರು ಕೇಳುವುದುಂಟು. ಕೊರತೆ ಸಣ್ಣಸಣ್ಣ ಮಾತುಗಳಲ್ಲಿದೆ. ಐದು ವರ್ಷದವಳಿಗೆ "ಜೋರಾಗಿ ನಗಬೇಡ." ಒಂಬತ್ತು ವರ್ಷದವಳಿಗೆ "ಅಣ್ಣನ ತಟ್ಟೆ ಎತ್ತಿಡು." ಹನ್ನೆರಡಕ್ಕೆ "ಇನ್ನು ಬೀದಿಯಲ್ಲಿ ಆಟ ಸಾಕು." ಹದಿನೈದಕ್ಕೆ "ಹತ್ತಿರದ ಕಾಲೇಜಾದರೆ ಸರಿ; ದೂರದ್ದು ಯಾಕೆ?" ಇವುಗಳಲ್ಲಿ ಯಾವೊಂದು ಮಾತೂ ಕ್ರೂರವಲ್ಲ. ಪ್ರೀತಿಯಿಂದಲೇ ಆಡಿದ್ದು. ಆದರೆ ಹದಿನೈದು ವರ್ಷ ಹನಿಹನಿಯಾಗಿ ಬಿದ್ದ ನೀರು ಕಲ್ಲನ್ನೂ ಸವೆಸುತ್ತದೆ.

ಬೈಗುಳಕ್ಕಿಂತ ಹೊಗಳಿಕೆ ಇಲ್ಲಿ ಹೆಚ್ಚು ಬಲವುಳ್ಳದ್ದು. "ಎಷ್ಟು ಸಾಧು ಹುಡುಗಿ! ಬಾಯೆತ್ತಿ ಒಂದು ಮಾತು ಕೇಳುವುದಿಲ್ಲ" ಎಂದು ನೆಂಟರು ಮೆಚ್ಚುತ್ತಾರೆ. ಆ ಮೆಚ್ಚುಗೆಯನ್ನು ಉಳಿಸಿಕೊಳ್ಳಲು ಮಗು ಕೇಳುವುದನ್ನೇ ಬಿಡುತ್ತದೆ. ಮೊದಲು ಪುಸ್ತಕ ಕೇಳುವುದನ್ನು ಬಿಡುತ್ತದೆ, ಆಮೇಲೆ ಪ್ರಶ್ನೆ ಕೇಳುವುದನ್ನು, ಕೊನೆಗೆ ತನ್ನ ಪಾಲನ್ನು ಕೇಳುವುದನ್ನು. ಆಗ ನಾವು, "ಅವಳಿಗೇ ಆಸೆಯಿಲ್ಲ, ನಾವೇನು ಮಾಡೋಣ?" ಎನ್ನುತ್ತೇವೆ. ಆಸೆ ಎಲ್ಲಿ ಹೋಯಿತು ಎಂದು ಹುಡುಕುವವರು ಕಡಿಮೆ.

ಗಾದೆಗಳೂ ಈ ಕೆಲಸದಲ್ಲಿ ಪಾಲುಗೊಂಡಿವೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತೇವೆ. ಶಾಸನ ಹಾಗೆನ್ನುವುದಿಲ್ಲ. ಪಿತ್ರಾರ್ಜಿತ ಆಸ್ತಿಯ ವಿಷಯದಲ್ಲಿ ತಮಿಳುನಾಡು 1989ರಲ್ಲಿ, ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಹುಟ್ಟಿನಿಂದ ಹಕ್ಕು ಕೊಟ್ಟವು. ನಮ್ಮ ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಂತೂ ಕುಲ ನಡೆದದ್ದೇ ಹೆಣ್ಣಿನಿಂದ. ಹಾಗಾದರೆ ಗಾದೆ ಯಾರ ಅನುಭವ? ಇನ್ನೊಂದು ಗಾದೆ ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಎನ್ನುತ್ತದೆ. ಒಂದೇ ಏಟಿಗೆ ಮಗಳ ನಗುವನ್ನೂ ಮಗನ ಕಣ್ಣೀರನ್ನೂ ಕಸಿದುಕೊಂಡ ಗಾದೆ ಇದು. ಗಂಡುಮಕ್ಕಳಿಗೂ ಈ ಕಟ್ಟಿನಿಂದ ಸುಖವಿಲ್ಲ ಎಂಬುದನ್ನು ತಂದೆಯಂದಿರು ಗಮನಿಸಬೇಕು.

ಹಣದ ಮಾತನ್ನೂ ಬಿಡುವಂತಿಲ್ಲ. ಚೀಟಿ ಕಟ್ಟುವಾಗಲೇ ನಮ್ಮ ಮನಸ್ಸು ತಿಳಿಯುತ್ತದೆ: ಮಗನ ಹೆಸರಿನ ಚೀಟಿ ಕಾಲೇಜಿಗೆ, ಮಗಳ ಹೆಸರಿನ ಚೀಟಿ ಮದುವೆಗೆ. ತಮಿಳುನಾಡು ಸರ್ಕಾರವೂ ಬಹುಕಾಲ ಮೂವಲೂರು ರಾಮಾಮಿರ್ದಂ ಅಮ್ಮೈಯಾರ್ ಅವರ ಹೆಸರಿನಲ್ಲಿ ಬಡ ಹೆಣ್ಣುಮಕ್ಕಳ ಮದುವೆಗೆ ನೆರವು ಕೊಡುತ್ತಿತ್ತು. 2022ರಲ್ಲಿ ಅದನ್ನು ಮಾರ್ಪಡಿಸಿ, ಸರ್ಕಾರಿ ಶಾಲೆಯಲ್ಲಿ ಓದಿ ಮೇಲಿನ ವಿದ್ಯಾಭ್ಯಾಸಕ್ಕೆ ಸೇರಿದ ಹುಡುಗಿಗೆ ತಿಂಗಳಿಗೆ 1000 ರೂಪಾಯಿ ಕೊಡುವ ಯೋಜನೆಯನ್ನಾಗಿ ಮಾಡಿತು. ಮದುವೆಯ ಹಣ ಓದಿನ ಹಣವಾಯಿತು. ಸರ್ಕಾರವೇ ಹೀಗೆ ಲೆಕ್ಕದ ಪುಸ್ತಕದಲ್ಲಿ ತಲೆಬರಹ ಬದಲಿಸಬಹುದಾದರೆ ನಮ್ಮ ಮನೆಗಳಲ್ಲಿ ಯಾಕಾಗಬಾರದು?

ಇದಕ್ಕೆ ಅವಸರವೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 20ರಿಂದ 24 ವಯಸ್ಸಿನ ಹೆಂಗಸರ ಪೈಕಿ 18 ತುಂಬುವ ಮೊದಲೇ ಮದುವೆಯಾಗಿದ್ದವರು ತಮಿಳುನಾಡಿನಲ್ಲಿ ನೂರಕ್ಕೆ 12.8, ಕರ್ನಾಟಕದಲ್ಲಿ 21.3. ನಮ್ಮ ತಾಯ್ನಾಡಿನಲ್ಲಿ ಐವರಲ್ಲಿ ಒಬ್ಬಳು! ಬಾಲ್ಯವಿವಾಹವನ್ನು ತಡೆಯುವ ಶಾಸನ ದೇಶದಲ್ಲಿ 1930ರಲ್ಲೇ ಜಾರಿಗೆ ಬಂದಿತ್ತು ಎಂಬುದನ್ನು ನೆನೆದರೆ, ಶಾಸನ ಒಂದೇ ಎಷ್ಟು ನಿಧಾನವಾಗಿ ನಡೆಯುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಆದುದರಿಂದ ನಾವು ಕೈಗೂಡುವಂಥ ಮೂರು ಕೆಲಸಗಳನ್ನು ಸೂಚಿಸುತ್ತೇವೆ. ಒಂದು: ಊಟವಾದ ಮೇಲೆ ತಟ್ಟೆ ಎತ್ತುವ ಕೆಲಸ ಮನೆಯಲ್ಲಿ ಉಂಡವರೆಲ್ಲರದ್ದಾಗಲಿ, ತಂದೆ ಮೊದಲು ಎತ್ತಲಿ, ಮಗ ನೋಡಿ ಕಲಿಯುತ್ತಾನೆ. ಎರಡು: ನಮ್ಮಂಥ ಸಂಘಗಳ ಸಭೆಗಳಲ್ಲಿ ಹುಡುಗಿಯರಿಗೆ ಪ್ರಾರ್ಥನೆ ಮತ್ತು ಆರತಿ, ಹುಡುಗರಿಗೆ ಭಾಷಣ ಮತ್ತು ಲೆಕ್ಕಪತ್ರ ಎಂಬ ಹಂಚಿಕೆ ಬೇಡ. ವರದಿ ಓದುವ, ಹಣ ಎಣಿಸುವ, ಎದ್ದುನಿಂತು ಆಕ್ಷೇಪಿಸುವ ಅಭ್ಯಾಸ ಹುಡುಗಿಗೂ ಆಗಲಿ. ಮೂರು: ಈ ವಾಚನಾಲಯಕ್ಕೆ ಮಗಳನ್ನು ಕರೆತನ್ನಿ. ಸಂಜೆ ನಾವಿಲ್ಲಿ ಪತ್ರಿಕೆ ಬಿಡಿಸುವ ಹೊತ್ತಿನಲ್ಲೇ ಮನೆಯಲ್ಲಿ ಅವಳು ಲೋಟ ತೊಳೆಯುತ್ತಿರುತ್ತಾಳೆ. ಇಲ್ಲಿ ಓದಲು ಚಂದಾ ಕೊಡಬೇಕಾಗಿಲ್ಲ. ಅವಳಿಗೆ ಬೇಕಾದದ್ದು ಆ ಒಂದು ಗಂಟೆಯ ಬಿಡುವು. ತಮಿಳು, ಇಂಗ್ಲಿಷ್ ಶಾಲೆಯಲ್ಲಿ ಬರುತ್ತವೆ. ಕನ್ನಡದ ಅಕ್ಷರ ಮಾತ್ರ ಈ ಊರಿನಲ್ಲಿ ನಾವು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಮಗಳು ವಕೀಲಳಾಗಲೇಬೇಕು, ಅಡಿಗೆ ಮಾಡಲೇಬಾರದು ಎಂದು ನಾವು ಹೇಳುತ್ತಿಲ್ಲ. ಅದೂ ಇನ್ನೊಂದು ಹೊರೆಯೇ. ಏನಾಗಬೇಕೆಂದು ಅವಳು ಹೇಳುವವರೆಗೆ ನಾವು ಕಾಯೋಣ, ಹೇಳಿದಾಗ ಕೇಳೋಣ.