ಕಟ್ಟಡದೊಳಗಣ ವಿದ್ಯುತ್ತಿನ ಲೆಕ್ಕ



ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಾಗಲಿ ವೈಟ್‌ಫೀಲ್ಡಿನಲ್ಲಾಗಲಿ ಒಂದೇ ಎಚ್.ಟಿ. (ಅಧಿಕ ವೋಲ್ಟೇಜಿನ) ಸಂಪರ್ಕವನ್ನು ಪಡೆದು ನಿಂತಿರುವ ಬಹುಮಹಡಿಯ ಕಚೇರಿ ಕಟ್ಟಡವೊಂದನ್ನು ಪರಿಗಣಿಸಿದರೆ, ಅದರೊಳಗೆ ಹಲವು ಸಂಸ್ಥೆಗಳು ಬಾಡಿಗೆಗೆ ನೆಲೆಸಿ, ತಂತಮ್ಮ ವೇಳೆಯಲ್ಲಿ ತಂತಮ್ಮ ರೀತಿಯಲ್ಲಿ ದೀಪ, ಯಂತ್ರ, ಶೀತಲ ವಾಯುಗಳನ್ನು ಉಪಯೋಗಿಸುತ್ತಿದ್ದರೂ, ತಿಂಗಳಿಗೊಮ್ಮೆ ಬರುವ ಕರೆಂಟ್ ಬಿಲ್ಲು ಮಾತ್ರ ಒಂದೇ. ಆ ಮೊತ್ತದಲ್ಲಿ ಯಾರು ಎಷ್ಟನ್ನು ತೆರತಕ್ಕದ್ದು, ಎಷ್ಟು ಪಾಲು ನಿಜವಾದ ಕಾರ್ಯಕ್ಕೆ ಸಂದಿತು, ಎಷ್ಟು ಪಾಲು ಯಾರಿಗೂ ಪ್ರಯೋಜನವಾಗದೆ ವ್ಯಯವಾಯಿತು ಎಂಬ ಪ್ರಶ್ನೆಗಳಿಗೆ ಆ ಕಾಗದದಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ಕೊಡಬೇಕಾದುದು ಸಬ್‌ಮೀಟರು.

ಮೀಟರು ಮೊದಲು ಹುಟ್ಟಿದ್ದು ವಿಕ್ರಯದ ಅಗತ್ಯದಿಂದ. 1880ರ ದಶಕದಲ್ಲಿ ಎಡಿಸನ್ನನು ಸತುವಿನ ಫಲಕಗಳನ್ನು ದ್ರಾವಣದಲ್ಲಿ ಮುಳುಗಿಸಿಟ್ಟು, ಅವುಗಳ ತೂಕದ ವ್ಯತ್ಯಾಸದಿಂದ ಗ್ರಾಹಕನ ಬಳಕೆಯನ್ನು ಗಣಿಸಿದುದೂ, 1889ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಓಟೋ ಬ್ಲಾತಿಯು ತಿರುಗುವ ತಟ್ಟೆಯ ಮೀಟರನ್ನು ನಿರ್ಮಿಸಿದುದೂ ಮಾರುವವನಿಗೂ ಕೊಳ್ಳುವವನಿಗೂ ನಡುವಣ ವ್ಯವಹಾರವನ್ನು ಇತ್ಯರ್ಥಪಡಿಸುವುದಕ್ಕಾಗಿಯೇ. ಸಬ್‌ಮೀಟರಿನ ಧರ್ಮ ಬೇರೆ. ಒಂದೇ ಸೂರಿನ ಕೆಳಗೆ ಇರುವವರ ಪರಸ್ಪರ ಋಣಭಾರವನ್ನು ಅದು ಹೇಳಬೇಕು. ಸರಬರಾಜು ಕಂಪನಿಯ ಸೀಲು, ಪರೀಕ್ಷೆ, ತನಿಖೆಗಳೆಲ್ಲ ಮೇನ್ ಮೀಟರಿನ ಬಳಿಯೇ ನಿಂತುಬಿಡುವುದರಿಂದ, ಒಳಗಿನ ಮೀಟರು ತಪ್ಪು ಹೇಳಿದರೆ ಅದನ್ನು ಹಿಡಿಯುವವರು ಆ ಕಟ್ಟಡದವರಲ್ಲದೆ ಬೇರೆ ಯಾರೂ ಇಲ್ಲ. ಮೀಟರನ್ನು ಕೂಡಿಸುವುದು ಸುಲಭ; ಅದು ತೋರಿಸುವ ಅಂಕಿ ಯಾರದು, ಅದು ನಿಜವೆ ಎಂಬುದನ್ನು ಸ್ಥಳದಲ್ಲಿ ನಿಂತು ಖಚಿತಪಡಿಸುವುದು ಕಷ್ಟ. ಈ ಎರಡನೆಯ ಕಾರ್ಯವನ್ನು ನಾವು ಬಹುಕಾಲದಿಂದ ಅಲಕ್ಷಿಸಿದ್ದೇವೆಂಬ ಕಳವಳವೇ ನನ್ನ ಈ ಭಾಷಣಕ್ಕೆ ಪ್ರೇರಣೆ.

ಕೆರೆಯ ತೂಬಿನಿಂದ ಹೊರಟ ನೀರು ಯಾವ ಕಾಲುವೆಯಲ್ಲಿ ಎಷ್ಟು ಹರಿದು ಯಾವ ಗದ್ದೆಗೆ ಎಷ್ಟು ಸೇರಿತೆಂಬುದನ್ನು ಹೇಳಬಲ್ಲ ನೀರುಗಂಟಿಯು ನಮ್ಮ ಹಳ್ಳಿಗಳಲ್ಲಿ ಇದ್ದಂತೆ, ಕಟ್ಟಡದೊಳಗೂ ಹರಿವಿನ ಲೆಕ್ಕ ಮೇಲಿಂದ ಕೆಳಕ್ಕೆ ಕೂಡಿಬರಬೇಕು. 11 ಕೆವಿ ಬದಿಯಲ್ಲಿ ಮೇನ್ ಮೀಟರು, ಅಲ್ಲಿಂದ ಟ್ರಾನ್ಸ್‌ಫಾರ್ಮರು, 415 ವೋಲ್ಟಿನ ಮುಖ್ಯ ಪ್ಯಾನೆಲ್ಲು, ಅದರಿಂದ ಮಹಡಿ ಮಹಡಿಗೂ ಏರುವ ಬಸ್‌ಬಾರು, ಪ್ರತಿ ಮಹಡಿಯಲ್ಲಿ ದೀಪಕ್ಕೆ, ಯುಪಿಎಸ್ಸಿಗೆ, ಗಾಳಿಯ ಯಂತ್ರಕ್ಕೆ ಪ್ರತ್ಯೇಕ ಕವಲುಗಳು. ಪ್ರತಿ ಕವಲಿನ ಬುಡದಲ್ಲಿಯೂ ಒಂದು ಮೀಟರನ್ನಿಟ್ಟರೆ, ಕವಲುಗಳ ಮೊತ್ತವು ಟ್ರಾನ್ಸ್‌ಫಾರ್ಮರಿನ ಹಾಗೂ ಕೇಬಲ್ಲುಗಳ ನಷ್ಟವನ್ನು ಸೇರಿಸಿಕೊಂಡು ಮೇನ್ ಮೀಟರಿಗೆ ಸರಿಹೊಂದಬೇಕು. ಹೊಂದದಿದ್ದರೆ ಒಂದೋ ಮೀಟರಿಲ್ಲದ ಕವಲೊಂದಿದೆ, ಇಲ್ಲವೆ ಇರುವ ಮೀಟರೊಂದು ತಪ್ಪಿದೆ.

ಆ ತಪ್ಪುಗಳು ಎಂತಹವೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದೊಡ್ಡ ಪ್ರವಾಹವನ್ನು ಮೀಟರು ನೇರವಾಗಿ ತಾಳಲಾರದು; ಆದುದರಿಂದ ಪ್ರತಿ ಫೇಸಿನ ಮೇಲೂ ಸಿಟಿ ಎಂದು ನಾವೆಲ್ಲ ಕರೆಯುವ ಕರೆಂಟ್ ಟ್ರಾನ್ಸ್‌ಫಾರ್ಮರಿನ ಬಳೆಯನ್ನು ತೊಡಿಸಿ, 200 ಆಂಪಿಯರನ್ನು 5 ಆಂಪಿಯರಿಗೆ ಇಳಿಸಿ ಮೀಟರಿಗೆ ಕೊಡುತ್ತೇವೆ; ಮೀಟರು 40ರಿಂದ ಗುಣಿಸಿ ಹೇಳುತ್ತದೆ. ನಾಲ್ಕು ತಂತಿಗಳ ವ್ಯವಸ್ಥೆಯನ್ನು ಯಥಾರ್ಥವಾಗಿ ಅಳೆಯಲು ಮೂರು ಅಳತೆಯ ಘಟಕಗಳು ಬೇಕೆಂಬುದು 1893ರಲ್ಲಿ ಆಂದ್ರೆ ಬ್ಲೊಂಡೆಲ್ ಪ್ರತಿಪಾದಿಸಿದ ಪ್ರಮೇಯದಿಂದಲೇ ಸಿದ್ಧ. ಈ ಮೂರು ಬಳೆಗಳಲ್ಲಿ ಒಂದನ್ನು ಎಲೆಕ್ಟ್ರಿಷಿಯನ್ನನು ಅವಸರದಲ್ಲಿ ತಿರುಗುಮುರುಗಾಗಿ ಹಾಕಿದನೆನ್ನಿ. ಮೂರೂ ಫೇಸುಗಳ ಹೊರೆ ಸಮವಾಗಿದ್ದ ಪಕ್ಷದಲ್ಲಿ ಎರಡು ಕೂಡುತ್ತವೆ, ಒಂದು ಕಳೆಯುತ್ತದೆ. ಮೀಟರು ನಿಜದ ಮೂರನೆಯ ಒಂದು ಭಾಗವನ್ನು ಮಾತ್ರ ತೋರಿಸುತ್ತದೆ. ಇನ್ನು ಆರ್ ಫೇಸಿನ ಸಿಟಿಯನ್ನು ವೈ ಫೇಸಿನ ವೋಲ್ಟೇಜಿಗೂ, ವೈ ಫೇಸಿನದನ್ನು ಆರ್ ಫೇಸಿನದಕ್ಕೂ ಅದಲುಬದಲಾಗಿ ಜೋಡಿಸಿದರೆ, 120 ಡಿಗ್ರಿಯ ಅಂತರದ ಕಾರಣದಿಂದ, ಸಮಹೊರೆಯಲ್ಲಿ ಮೊತ್ತವು ಶೂನ್ಯವೇ ಆಗುತ್ತದೆ. ಮಹಡಿಯಲ್ಲಿ ನೂರಾರು ಮಂದಿ ಕೆಲಸ ಮಾಡುತ್ತಿರುವಾಗ ಮೀಟರು ನಿಶ್ಚಲವಾಗಿ ನಿಂತಿರುತ್ತದೆ. ಶೂನ್ಯವನ್ನು ಯಾರಾದರೂ ಗಮನಿಸಿಯಾರು. ಮೂರನೆಯ ಒಂದು ಭಾಗವನ್ನು ಯಾರೂ ಗಮನಿಸುವುದಿಲ್ಲ, ಏಕೆಂದರೆ ಅದು ನಂಬತಕ್ಕ ಅಂಕಿಯಂತೆಯೇ ಕಾಣುತ್ತದೆ. ಆ ಮಹಡಿಯವರು ತೆರದ ಎರಡು ಭಾಗವು ಸಾಮಾನ್ಯ ವೆಚ್ಚವೆಂಬ ಹೆಸರಿನಲ್ಲಿ ಮಿಕ್ಕವರೆಲ್ಲರ ಮೇಲೆ ಬೀಳುತ್ತದೆ, ವರ್ಷಗಟ್ಟಲೆ ಬೀಳಬಹುದು. ಇದನ್ನು ಕಂಡುಹಿಡಿಯಲು ವಿಶೇಷ ಪಾಂಡಿತ್ಯ ಬೇಡ: ಪ್ಯಾನೆಲ್ಲಿನ ಮುಂದೆ ನಿಂತು ಮೀಟರಿನ ಗುಂಡಿಯನ್ನೊತ್ತಿ, ಪ್ರತಿ ಫೇಸಿನ ಪವರ್ ಫ್ಯಾಕ್ಟರನ್ನು ಬೇರೆ ಬೇರೆಯಾಗಿ ಓದಿದರೆ ಸಾಕು, ಒಂದು ಫೇಸು ಋಣ ಚಿಹ್ನೆಯನ್ನು ತೋರಿಸಿದರೆ ದೋಷ ಅಲ್ಲಿಯೇ ಇದೆ. ತಿದ್ದುವಾಗ ಮಾತ್ರ ಟಿಟಿಬಿ ಎಂಬ ಪರೀಕ್ಷಾ ಟರ್ಮಿನಲ್ ಬ್ಲಾಕಿನಲ್ಲಿ ಸಿಟಿಯನ್ನು ಶಾರ್ಟ್ ಮಾಡದೆ ತಂತಿ ಬಿಚ್ಚಬಾರದು. ಪ್ರವಾಹ ಹರಿಯುತ್ತಿರುವಾಗ ಸಿಟಿಯ ಬಾಯಿ ತೆರೆದರೆ ಪ್ರಾಣಾಪಾಯಕರವಾದ ವೋಲ್ಟೇಜು ಏಳುತ್ತದೆ.

ಸಿಟಿಯ ಗಾತ್ರದ ವಿಷಯವೂ ಇದೆ. ಮುಂದೆ ಹೊರೆ ಹೆಚ್ಚೀತೆಂದು 400/5 ಸಿಟಿಯನ್ನು ಹಾಕಿ, ಅರ್ಧ ಖಾಲಿ ಬಿದ್ದ ಮಹಡಿಯಲ್ಲಿ 20 ಆಂಪಿಯರು ಹರಿಸಿದರೆ ಅದು ಸಾಮರ್ಥ್ಯದ ಶೇಕಡಾ 5 ಮಾತ್ರ. ಕ್ಲಾಸ್ 1 ಸಿಟಿಗೆ ಆ ಮಟ್ಟದಲ್ಲಿ ಶೇಕಡಾ 3ರಷ್ಟು ದೋಷವನ್ನು ಮಾನಕವೇ ಅನುಮತಿಸುತ್ತದೆ.

ಇವೆಲ್ಲ ತಂತಿಯ ದೋಷಗಳು. ನ್ಯಾಯದ ಪ್ರಶ್ನೆ ಇನ್ನೂ ಗಹನವಾದುದು. ತಾರಸಿಯ ಮೇಲೋ ನೆಲಮಾಳಿಗೆಯಲ್ಲೋ ಇರುವ ಚಿಲ್ಲರು ತಣಿಸಿದ ನೀರು ಎಲ್ಲ ಮಹಡಿಗಳಿಗೂ ಹರಿಯುವ ಕಟ್ಟಡದಲ್ಲಿ, ಮಹಡಿಯ ಸಬ್‌ಮೀಟರು ಕಾಣುವುದು ಫ್ಯಾನಿನ ಬಳಕೆಯನ್ನು ಮಾತ್ರ. ತಂಪಿನ ಬೆಲೆ ಅದಕ್ಕೆ ಗೋಚರಿಸದು. ಅದಕ್ಕೆ ಬಿಟಿಯು ಮೀಟರು ಬೇಕು: ನೀರಿನ ಹರಿವನ್ನೂ, ಹೋಗುವ ಬರುವ ನೀರಿನ ಉಷ್ಣತೆಯ ಅಂತರವನ್ನೂ ಗುಣಿಸಿ ಅದು ಲೆಕ್ಕ ಕೊಡುತ್ತದೆ. ಆ ಅಂತರವು 5 ಡಿಗ್ರಿಯಷ್ಟೇ ಇರುವಲ್ಲಿ ಎರಡು ಸಂವೇದಕಗಳು ಅರ್ಧರ್ಧ ಡಿಗ್ರಿ ವಿರುದ್ಧ ದಿಕ್ಕಿಗೆ ತಪ್ಪಿದರೆ ಬಿಲ್ಲಿನ ಐದನೆಯ ಒಂದು ಪಾಲೇ ಹುಸಿಯಾಗುತ್ತದೆ. ಆದ್ದರಿಂದ ಅವನ್ನು ಜೋಡಿಯಾಗಿ ಹೊಂದಿಸಿಯೇ ಕೊಳ್ಳತಕ್ಕದ್ದು. ಕಟ್ಟಡದ ಗರಿಷ್ಠ ಬೇಡಿಕೆಗಾಗಿ ತೆರುವ ಡಿಮ್ಯಾಂಡ್ ಶುಲ್ಕದಲ್ಲಿಯೂ ಇಂತಹ ತೊಡಕಿದೆ. ಒಬ್ಬ ಬಾಡಿಗೆದಾರನ ಗರಿಷ್ಠ ಬೇಡಿಕೆ ಬೆಳಗ್ಗೆ, ರಾತ್ರಿ ಪಾಳಿಯವನದು ನಡುರಾತ್ರಿ. ಇವುಗಳ ಮೊತ್ತ ಕಟ್ಟಡದ ಗರಿಷ್ಠಕ್ಕಿಂತ ಹೆಚ್ಚೇ ಆಗುತ್ತದೆ. ಕಟ್ಟಡದ ಗರಿಷ್ಠ ಬಿದ್ದ ಆ ಕಾಲು ಗಂಟೆಯಲ್ಲಿ ಯಾರ ಪಾಲು ಎಷ್ಟಿತ್ತೆಂಬುದೇ ನ್ಯಾಯವಾದ ಆಧಾರವೆಂದು ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ಎಲ್ಲ ಮೀಟರುಗಳೂ ಒಂದೇ ಗಡಿಯಾರವನ್ನು ಅನುಸರಿಸಬೇಕು. ಒಂದನೆಯ ತಾರೀಖು ಒಂದನ್ನು, ಮೂರನೆಯ ತಾರೀಖು ಇನ್ನೊಂದನ್ನು ಕೈಯಿಂದ ಬರೆದುಕೊಂಡ ಪುಸ್ತಕದಿಂದ ಇದು ಸಾಧ್ಯವಿಲ್ಲ. ಸರಬರಾಜು ನಿಂತಾಗ ಓಡುವ ಜನರೇಟರಿನ ಯೂನಿಟ್ಟಿನ ದರವೇ ಬೇರೆಯಾದ್ದರಿಂದ, ಎರಡೂ ಮೂಲಗಳನ್ನು ಪ್ರತ್ಯೇಕವಾಗಿ ದಾಖಲಿಸುವ ಡ್ಯುಯಲ್ ಸೋರ್ಸ್ ಮೀಟರೂ ಅಷ್ಟೇ ಅಗತ್ಯ.

ಹೀಗೆ ಶುದ್ಧಪಡಿಸಿದ ಲೆಕ್ಕದಲ್ಲಿ ನಾನು ಮೊದಲು ನೋಡಲು ಬಯಸುವುದು ಹಗಲಿನ ಶಿಖರವನ್ನಲ್ಲ, ಹಗಲು ಮಾತ್ರ ಕೆಲಸ ನಡೆಯುವ ಮಹಡಿಗಳ ರಾತ್ರಿ ಎರಡು ಗಂಟೆಯ ಅಂಕಿಯನ್ನು. ಎಲ್ಲರೂ ಮನೆ ಸೇರಿದ ಮೇಲೂ ಓಡುತ್ತಿರುವ ಫ್ಯಾನು, ಉರಿಯುತ್ತಿರುವ ದೀಪ, ಯಾರೂ ಕೇಳದೆ ಸುತ್ತುತ್ತಿರುವ ಪಂಪು ಅಲ್ಲಿ ಕವಲು ಕವಲಾಗಿ ಕಾಣಿಸುತ್ತವೆ. ಒಂದು ಟೈಮರನ್ನು ಸರಿಪಡಿಸಿದರೆ ಮರುರಾತ್ರಿಯೇ ಅದರ ಫಲ ತಿಳಿಯುತ್ತದೆ.

2001ರ ಇಂಧನ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 2007ರಲ್ಲಿ ಹೊರಬಂದು 2017ರಲ್ಲಿ ಪರಿಷ್ಕೃತವಾದ ಕಟ್ಟಡ ಸಂಹಿತೆಯು ಮೀಟರಿನ ಅಗತ್ಯವನ್ನು ಅಂಗೀಕರಿಸಿದೆ. ಆದರೆ ನಮ್ಮ ಟೆಂಡರುಗಳಲ್ಲಿ ಎಷ್ಟು ಮೀಟರು ಎಂಬ ಸಂಖ್ಯೆ ಇರುವಷ್ಟು ಸ್ಪಷ್ಟವಾಗಿ, ಕೂಡಿಸಿದ ಮೇಲೆ ಹೇಗೆ ಪರೀಕ್ಷಿಸತಕ್ಕದ್ದೆಂಬ ವಿಧಿ ಇರುವುದಿಲ್ಲ. ಕಟ್ಟಡವನ್ನು ಒಪ್ಪಿಸುವ ದಿನ ಒಂದೊಂದು ಕವಲನ್ನೂ ಆರಿಸಿ ಹೊತ್ತಿಸಿ, ಯಾವ ಮೀಟರು ಇಳಿಯಿತು, ಎಷ್ಟು ಇಳಿಯಿತೆಂದು ಬರೆದು, ಮಾಲೀಕನೂ ಬಾಡಿಗೆದಾರನೂ ರುಜು ಹಾಕುವ ಒಂದು ಪತ್ರದ ಕರಡನ್ನು ಈ ಸಮಾವೇಶದ ಎರಡು ದಿನಗಳಲ್ಲಿ ನೀವು ಸಿದ್ಧಪಡಿಸಬೇಕೆಂದು ನನ್ನ ವಿಜ್ಞಾಪನೆ. ಬಾಡಿಗೆದಾರ ಬದಲಾಗಿ ಗೋಡೆಗಳನ್ನು ಹೊಸದಾಗಿ ಎಬ್ಬಿಸಿದಾಗಲೆಲ್ಲ ಅದೇ ಪರೀಕ್ಷೆಯನ್ನು ಪುನಃ ನಡೆಸತಕ್ಕದ್ದೆಂಬ ಷರತ್ತೂ ಅದರಲ್ಲಿರಲಿ. ಡಿಮ್ಯಾಂಡ್ ಶುಲ್ಕದ ಹಂಚಿಕೆಯ ಸೂತ್ರವನ್ನು ಕುರಿತು ಭಿನ್ನಾಭಿಪ್ರಾಯಗಳಿದ್ದರೆ ಅವನ್ನೂ ಮರೆಮಾಡದೆ ಜೊತೆಯಲ್ಲಿಯೇ ಬರೆದಿಡಿ. ಸಿಟಿ ಜೋಡಣೆಯನ್ನು ಕುರಿತ ಮೊದಲ ಗೋಷ್ಠಿಗೆ ಪ್ಯಾನೆಲ್ಲೊಂದನ್ನು ಸಭಾಂಗಣದಲ್ಲಿಯೇ ಇರಿಸಲಾಗಿದೆ. ಪ್ರಬಂಧಕಾರರು ಅದರ ಬಳಿಗೆ ಬರಬೇಕೆಂದು ಕೋರುತ್ತೇನೆ.